ಅರ್ಧ ಮುಖದ ಕ್ಷೌರ

ಮಗಳು ಬಟ್ಟಲಲ್ಲಿ ಸೋಪಿನ ನೊರೆ ಏಳಿಸುತ್ತಿದ್ದಾಗ ದೊಡ್ಡಪ್ಪ ಬಂದು ಅವಳ ಕೈಯಿಂದ ಬ್ರಷ್ಷು ಕಿತ್ತುಕೊಂಡ.

"ಬೇರೆ ಯಾರನ್ನಾದ್ರೂ ಕರೆಸೋಣ. ಸತ್ತವನ ಮುಖದ ಮೇಲೆ ಕೈ ಪಳಗಿಸಬೇಡ ನೀನು."

"ಕೈ ಪಳಗಿದೆ ದೊಡ್ಡಪ್ಪ. ಬ್ರಷ್ ಕೊಡಿ."

"ಯಾರ ಮೇಲೆ ಪಳಗಿದೆ? ಬಲೂನಿನ ಮೇಲೆ ತಾನೇ?"

ಕೋಣೆಯಲ್ಲಿ ಕೂತಿದ್ದವರಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿದರು. ಸಾವಿನ ಮನೆಯಲ್ಲಿ ನಗು ಬಂದರೆ ಅದನ್ನು ಬಚ್ಚಿಡಲು ನೆಲವೊಂದೇ ಗತಿ.

ಅಪ್ಪ ಮಂಚದ ಮೇಲೆ ಮಲಗಿದ್ದ. ಆಸ್ಪತ್ರೆಯಲ್ಲಿ ಬೆಳೆದ ಬಿಳಿ ಗಡ್ಡ ಕೆನ್ನೆಯನ್ನೆಲ್ಲ ಮುಚ್ಚಿತ್ತು. ಬದುಕಿಡೀ ಬೇರೆಯವರ ಗಡ್ಡ ತೆಗೆದವನು, ತನ್ನ ಗಡ್ಡ ತೆಗೆಯದೆ ಒಂದು ದಿನವೂ ಅಂಗಡಿಯ ಬಾಗಿಲು ತೆರೆದವನಲ್ಲ. ಹೀಗೇ ಕಳಿಸಿಕೊಡುವುದಿಲ್ಲವೆಂದು ಅಮ್ಮ ಬೆಳಗಿನಿಂದ ಹಟ ಹಿಡಿದು ಕೂತಿದ್ದಳು.

"ಅವಳೇ ಮಾಡ್ಲಿ ಭಾವ," ಎಂದಳು ಅಮ್ಮ. "ಅವರೇ ಕೂತು ಕಲಿಸಿದ್ದು."

"ಮಾಡ್ಲಿ. ಆದ್ರೆ ಒಂದು ಗೀರು ಬಿದ್ರೂ ನಾಳೆಯಿಂದ ಅಂಗಡಿ ಬಾಗಿಲು ತೆಗೆಯೋ ಹಾಗಿಲ್ಲ. ಜಾಗ ಅವನೊಬ್ಬನದೇ ಅಲ್ಲ, ನನ್ನದೂ ಹೌದು. ಕೋಪ ಇರೋ ಕೈಗೆ ಕತ್ತಿ ಕೊಟ್ರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳ್ಬೇಕಾಗಿಲ್ಲ."

ಹೇಳಬೇಕಾಗಿರಲಿಲ್ಲ. ಅವನ ಎಡಗಿವಿಯ ತುದಿ ಇರಲೇ ಇಲ್ಲ.

*

ಅಂಗಡಿಯನ್ನು ಅಣ್ಣ ತಮ್ಮ ಸೇರಿಯೇ ತೆರೆದಿದ್ದರು. ಆಗ ಇಬ್ಬರಿಗೂ ಹರೆಯ. ತಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ, ಅಣ್ಣನಿಗೆ ನಾಲಿಗೆಯ ತುದಿಯಲ್ಲೇ ಕೊಂಕು. ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅಣ್ಣ ಕುರ್ಚಿಯಲ್ಲಿ ಕೂತಿದ್ದ, ತಮ್ಮ ಅವನ ಕ್ಷೌರ ಮಾಡುತ್ತಿದ್ದ. ಎರಡನೇ ಕುರ್ಚಿಯನ್ನು ಕಿಟಕಿಯ ಕಡೆಗೆ ಹಾಕುವುದೋ ಗೋಡೆಯ ಕಡೆಗೋ ಎಂದು ಮಾತು ಬೆಳೆಯಿತು. ಇನ್ನೂ ಕೊಳ್ಳದ ಕುರ್ಚಿ ಅದು.

"ನಿನ್ನ ತಲೇಲಿ ಕೂದಲು ಬಿಟ್ರೆ ಬೇರೇನೂ ಇಲ್ಲ," ಎಂದ ಅಣ್ಣ.

ಕತ್ತಿ ಹಿಡಿದ ತಮ್ಮನ ಕೈ ಒಮ್ಮೆ ಜಾಡಿಸಿತು, ಅಷ್ಟೇ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಆ ಮನೆಯಲ್ಲಿ ಮೂಗಿನ ಬದಲು ಕಿವಿ ಹೋಯಿತು. ತಮ್ಮ ಕಾಲು ಹಿಡಿದು ಅತ್ತ. ಅಣ್ಣ ಆ ಕುರ್ಚಿಯಿಂದ ಎದ್ದವನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಬೇರೊಂದು ಬೀದಿಯಲ್ಲಿ ಸೈಕಲ್ ರಿಪೇರಿ ಶುರುಮಾಡಿದ.

ಅಂದಿನಿಂದ ಅಪ್ಪನಿಗೊಂದು ಪದ್ಧತಿಯಾಯಿತು. ಕೋಪ ಬಂದರೆ ಕತ್ತಿ ಮಡಚಿ ಒದ್ದೆ ಬಟ್ಟೆಯ ಮೇಲಿಡುವುದು, "ಈಗ್ಬಂದೆ" ಎಂದು ಹೊರಗೆ ಹೋಗುವುದು. ಗಿರಾಕಿ ಅರ್ಧ ಮುಖ ನೊರೆ ಬಳಿದುಕೊಂಡು ಕೂತಿರಬೇಕು. ಬೀದಿ ಸುತ್ತಿ ಕೋಪ ಇಳಿದ ಮೇಲೆ ಬಂದು, ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಕೆಲಸ ಹಿಡಿಯುತ್ತಿದ್ದ. ಮೊದಮೊದಲು ಜನ ಬೈದರು, ಆಮೇಲೆ 'ಈಗ್ಬಂದೆ' ಎಂದೇ ಹೆಸರಿಟ್ಟರು. ಅಡ್ಡಹೆಸರು ಇಟ್ಟವರೂ ಅವನ ಬಳಿಯೇ ಕುತ್ತಿಗೆ ಒಡ್ಡಿದರು.

*

ಮಗಳಿಗೆ ಅಂಗಡಿ ಬೇಕಿತ್ತು. ಅಪ್ಪನ ಕಣ್ಣು, ಅಪ್ಪನ ಕೈ, ಜೊತೆಗೆ ಅಪ್ಪನ ಕೋಪವೂ ಅವಳಿಗೆ ಬಂದಿತ್ತು. ಕತ್ತರಿ ಕೆಲಸ ಬೇಗ ಕೊಟ್ಟ. ಕತ್ತಿ ಕೇಳಿದರೆ ಬಲೂನು ಊದಿ ಕೈಗಿಡುತ್ತಿದ್ದ.

"ನೊರೆ ಹಚ್ಚಿ ತೆಗಿ. ನಾನು ಪಕ್ಕದಲ್ಲಿ ಕೂತು ಬೈತಾ ಇರ್ತೀನಿ."

ಮತ್ತೆ ಬೈಗುಳವೆಂದರೆ ಎಂಥ ಬೈಗುಳ! ಗೊಣಗುವ ಗಿರಾಕಿಯ ದನಿ, ಚುಡಾಯಿಸುವ ಪೋಲಿಯ ದನಿ, "ಹೆಂಗಸಿನ ಕೈಲಿ ಕ್ಷೌರವೇ?" ಎನ್ನುವ ಮುದುಕನ ದನಿ, ಎಲ್ಲವನ್ನೂ ಅವನೇ ತೆಗೆಯುತ್ತಿದ್ದ. ಬಲೂನು ಢಬ್ ಎನ್ನುತ್ತಿತ್ತು. ನೊರೆ ಅವಳ ಮುಖಕ್ಕೇ ಸಿಡಿಯುತ್ತಿತ್ತು.

"ನಿಮಗೆ ನನ್ನ ಕಂಡ್ರೆ ಆಗಲ್ಲ ಅಪ್ಪ, ಅದಕ್ಕೇ ಹೀಗೆ!" ಎಂದು ಒಮ್ಮೆ ಅತ್ತಿದ್ದಳು.

"ಕೋಪ ಬರ್ಬಾರದು ಅಂತ ನಾನು ಹೇಳಿಲ್ಲ ಮಗಳೇ. ನಾವೇನು ಕಲ್ಲಾ? ಬರ್ಲಿ. ಬಂದಾಗ ಕತ್ತಿ ಕೆಳಗಿಟ್ಟು ಹೊರಗೆ ಹೋಗು. ಮೊದಲು ಕತ್ತಿ ಕೆಳಗಿಡು, ಮರೀಬೇಡ. ಎತ್ಕೊಂಡೇ ಹೊರಗೆ ಹೋದ್ರೆ ಪೊಲೀಸ್ರು ಬರ್ತಾರೆ."

ಅಳುತ್ತಲೇ ನಕ್ಕಿದ್ದಳು. ಬಲೂನುಗಳು ಒಡೆಯುವುದು ನಿಂತ ಮೇಲೆ ನಿಜವಾದ ಮುಖ ಕೊಡುವೆನೆಂದಿದ್ದ. ನಿಂತಿತು. ಅಷ್ಟರಲ್ಲಿ ಅವನು ಆಸ್ಪತ್ರೆ ಸೇರಿದ.

*

ಬಲಗೆನ್ನೆ ಮುಗಿಯಿತು. ಸತ್ತವರ ಚರ್ಮ ಬಲೂನಿನಂತಲ್ಲ, ಜಾರುತ್ತದೆ. ಅವಳು ಉಸಿರು ಬಿಗಿಹಿಡಿದು ಬಲಭಾಗದ ದವಡೆಯನ್ನೂ ತುಟಿಯ ಅಂಚನ್ನೂ ದಾಟಿದಳು. ದೊಡ್ಡಪ್ಪ ತಲೆಯ ಬಳಿಯೇ ನಿಂತಿದ್ದ.

"ಹುಟ್ಟುಗುಣ ಸುಟ್ರೂ ಹೋಗಲ್ಲ. ಕೈ ನೋಡು, ನಡುಗ್ತಾ ಇದೆ."

ಅವಳು ಅಲಗು ಒರೆಸಿ ಎಡಗೆನ್ನೆಗೆ ತಂದಳು.

"ಇಷ್ಟು ದಿನ ಕಲಿಸಿದ್ನಲ್ಲ, ಒಬ್ಬ ಗಿರಾಕಿನಾದ್ರೂ ನಿನ್ನ ಕೈಗೆ ಕೊಟ್ನಾ? ಕೊಡ್ಲಿಲ್ಲ. ಯಾಕೆ? ಅವನಿಗೇ ನಿನ್ನ ಮೇಲೆ ನಂಬಿಕೆ ಇರ್ಲಿಲ್ಲ."

ಅಮ್ಮ "ಭಾವ!" ಎಂದು ಎದ್ದಳು. ಮಗಳ ಕಿವಿ ಕೆಂಪಾಯಿತು. ಅಲಗು ಕೆನ್ನೆಯಿಂದ ಮೇಲೆದ್ದಿತು. ಅವಳು ಅದನ್ನು ಒರೆಸಿ, ಮಡಚಿ, ಒದ್ದೆ ಬಟ್ಟೆಯ ಮೇಲಿಟ್ಟಳು.

"ಈಗ್ಬಂದೆ," ಎಂದು ಹೊರಗೆ ನಡೆದಳು.

ಶವ ಒಯ್ಯಲು ಬಂದ ವಾಹನದ ಡ್ರೈವರ್ ಬಾಗಿಲಲ್ಲಿ ಇಣುಕಿದ.

"ಇನ್ನೂ ಎಷ್ಟು ಹೊತ್ತಾಗುತ್ತೆ? ಅರ್ಧಕ್ಕೇ ಬಿಟ್ಟು ಓಡಿಹೋದ್ರಾ?"

"ಓಡಿಹೋಗೋರು ಕತ್ತಿ ಮಡಚಿಟ್ಟು ಹೋಗ್ತಾರೇನಪ್ಪ?" ಎಂದ ಚಹಾ ಅಂಗಡಿಯವನು. ಅವನು ಅಪ್ಪನ ಹಳೆಯ ಗಿರಾಕಿ. "ನನ್ನನ್ನ ಇದೇ ಥರ ಎಷ್ಟು ಸಲ ಕೂರಿಸಿ ಹೋಗಿದಾನೋ! ಒಂದು ಸಲ ನೊರೆ ಒಣಗಿ ಮುಖ ತುರಿಸಿ ಸಾಕಾಯ್ತು. ಆದ್ರೂ ವಾಪಸ್ ಬರ್ತಾ ಇದ್ದ. ಈ ಸಲ ಮಾತ್ರ ಹೇಳದೇ ಹೋಗ್ಬಿಟ್ಟ ನೋಡಿ." ಹೇಳಹೇಳುತ್ತಲೇ ಅವನ ದನಿ ಒಡೆಯಿತು, ಟವೆಲಿನಿಂದ ಮೂಗು ಒರೆಸಿಕೊಂಡ.

ದೊಡ್ಡಪ್ಪ ಮಂಚದ ಮೇಲೆ ಬಾಗಿದ. ಬಲಗೆನ್ನೆಯ ಮೇಲೆ ಬೆರಳಿನ ಹಿಂಬದಿಯನ್ನು ಕೂದಲಿಗೆ ಎದುರಾಗಿ ಸವರಿದ. ಎಲ್ಲಿಯೂ ತಡೆಯಲಿಲ್ಲ. ಒಂದು ಗೀರೂ ಇರಲಿಲ್ಲ. ಅವನೂ ಒಂದು ಕಾಲಕ್ಕೆ ಇದೇ ಕೆಲಸ ಮಾಡಿದವನು, ಒಳ್ಳೆಯ ಕೈ ಅವನಿಗೆ ತಿಳಿಯುತ್ತದೆ. ತಮ್ಮನ ಕೆನ್ನೆ ಇಷ್ಟು ಸೊರಗಿದ್ದೂ ಅವನಿಗೆ ಆಗಲೇ ತಿಳಿದದ್ದು. ಮುಟ್ಟಿದ ಕೈ ಹಿಂದಕ್ಕೆ ಬರಲಿಲ್ಲ.

ಹೊರಗೆ ಮಗಳು ಬೀದಿಯ ತುದಿ ಮುಟ್ಟಿ ತಿರುಗಿದಳು. ಹೋಗಿ ಆ ಬಾಯಿಗೆ ತಕ್ಕ ಉತ್ತರ ಕೊಡಬೇಕೆಂದು ನಾಲಿಗೆ ತುರಿಸುತ್ತಿತ್ತು. ಉತ್ತರಗಳೇನು, ಒಂದಕ್ಕಿಂತ ಒಂದು ಹರಿತವಾಗಿ ಹೊಳೆಯುತ್ತಿದ್ದವು. ಮನೆಯ ಮುಂದೆ ಬಂದರೂ ಒಳಗೆ ಹೋಗದೆ ಮತ್ತೊಂದು ಸುತ್ತು ಹಾಕಿದಳು. ಅಪ್ಪನಿಗೆ ನಂಬಿಕೆ ಇತ್ತೋ ಇಲ್ಲವೋ, ಇನ್ನು ಕೇಳಲು ಅವನಿಲ್ಲ. ಇರದಿದ್ದರೆ ಇರದಿರಲಿ. ಕೈ ತನ್ನದು, ಅದನ್ನು ನಂಬಬೇಕಾದವಳು ತಾನು. ಬೆರಳು ಚಾಚಿ ನೋಡಿದಳು. ನಡುಗುತ್ತಿದ್ದವು. ನಡುಕ ನಿಲ್ಲುವವರೆಗೆ ನಡೆದಳು.

ಒಳಗೆ ಬಂದಾಗ ಎಡಗೆನ್ನೆಯ ನೊರೆ ಒಣಗಿತ್ತು. ಅದನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಹೊಸ ನೊರೆ ಕಲಸಿ ಹಚ್ಚಿದಳು. ಡ್ರೈವರ್ ಗಡಿಯಾರ ನೋಡಿಕೊಂಡ. ಅವಳು ಅವಸರ ಮಾಡಲಿಲ್ಲ.

"ದವಡೆ ಕೆಳಗೆ ಚರ್ಮ ತುಂಬಾ ಸಡಿಲ ಇದೆ," ಎಂದ ದೊಡ್ಡಪ್ಪ. "ಒಂದೇ ಕೈಲಿ ಆಗಲ್ಲ. ನಾನು ಎಳೆದು ಹಿಡೀತೀನಿ. ನನ್ನ ಬೆರಳಿನ ಕಡೆಗೇ ತಗೊಂಡು ಬಾ."

ಅವಳು ಅವನ ಮುಖ ನೋಡಿದಳು. ಅವನು ತಮ್ಮನ ಮುಖ ನೋಡುತ್ತಿದ್ದ.

ದೊಡ್ಡಪ್ಪ ಮಂಚದ ಪಕ್ಕ ಮಂಡಿಯೂರಿ, ತಮ್ಮನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದ. ಮಗಳು ಕತ್ತಿ ಬಿಡಿಸಿದಳು. ಅಲಗು ನೊರೆಯನ್ನು ಸರಿಸುತ್ತ ಮೆಲ್ಲಗೆ ಅವನ ಬೆರಳುಗಳತ್ತ ಬಂತು, ಉಗುರಿನ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಬೆರಳುಗಳು ಇದ್ದಲ್ಲೇ ಇದ್ದವು.