ಎಡಮಗ್ಗುಲು ಮೇಲಾಗಿ

ಐದನೆಯ ಕಾರ್ಡಿನ ಮೂರನೆಯ ಸಾಲಿಗೆ ಟಿಕ್ ಹಾಕಿ, ಆರನೆಯದನ್ನು ಎದುರಿಗೆ ಎಳೆದುಕೊಂಡ ಲಿಯೋ ಬಾರ್ತಾ ಬರೆಯುವ ಬದಲು ಪೆನ್ನಿನ ಮುಚ್ಚಳ ಹಾಕಿದ.

"ಯಾಕೆ, ಶಾಯಿ ಮುಗೀತಾ?" ಅಂದ ರೆಜಿಸ್, ಬಾಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಇಟ್ಟುಕೊಂಡೇ.

"ಕೈ ನೋಯ್ತಿದೆ."

"ಐದು ಕಾರ್ಡ್ ಬರೆದು ಕೈ ನೋವಂತೆ! ಎಮಿಲ್ ಮೂವತ್ನಾಲ್ಕು ವರ್ಷ ಹಿಮ ತಳ್ಳೋ ಲಾರಿ ಓಡಿಸ್ದ. ಒಂದಿನ ಕೈ ನೋವು ಅಂದಿದ್ದು ಕೇಳಿದ್ದೀಯಾ?"

"ಅನ್ನೋಕೆ ನೀನು ಬಿಟ್ರೆ ತಾನೆ? ಮಾತೆಲ್ಲ ನಿಂದೇ."

ಪಕ್ಕದಲ್ಲಿದ್ದ ಚೆಟ್ ನಕ್ಕ. ಇವತ್ತು ನಗುವ ದಿನವಲ್ಲ ಎಂದು ನೆನಪಾಗಿ ಅದನ್ನು ಕೆಮ್ಮಾಗಿ ಮುಗಿಸಿದ.

ಹತ್ತಕ್ಕೆ ಚರ್ಚು, ಹನ್ನೊಂದೂವರೆಗೆ ಗುಡ್ಡದ ಮೇಲಿನ ಸ್ಮಶಾನ, ಈಗ ಊರಿನ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಊಟ. ಮುಂದಿನ ಕೋಣೆಯಲ್ಲಿ ನೆಂಟರು, ಎಲೆಕೋಸು ಹಾಕಿದ ಹಾಲುಷ್ಕಿ ನೂಡಲ್ಸ್, ಅಕ್ರೋಟು ತುಂಬಿದ ಸುರುಳಿ ರೊಟ್ಟಿ. ಹಿಂದಿನ ಕೋಣೆಯಲ್ಲಿ ಪಿಸ್ತೂಲು ಕೂಟದ ನಾಲ್ವರು ಮುದುಕರು, ಮೇಜಿನ ಮೇಲೆ ಹಾಸಿದ ನೀಲಿ ಟವೆಲು, ಅದರ ಮೇಲೆ ಎಮಿಲ್ ಹ್ರಿಂಕೊ ಬಿಟ್ಟುಹೋದ ಆರು ಪಿಸ್ತೂಲು. ಜಿಂಕೆ ಬೇಟೆ ಶುರುವಾಗಲು ಇನ್ನೂ ಒಂಬತ್ತು ದಿನವಿತ್ತು. ಬೇಟೆಯ ವಾರದಲ್ಲಿ ಸತ್ತು ಯಾರಿಗೂ ತೊಂದರೆ ಕೊಡಲಿಲ್ಲ, ಎಮಿಲ್ ಯಾವತ್ತೂ ಹಾಗೇ ಎಂದು ಚರ್ಚಿನ ಮೆಟ್ಟಿಲ ಮೇಲೆ ಮರ್ಲ್ ಹೇಳಿದ್ದ. ಅದು ಯಾರಿಗೂ ತಮಾಷೆ ಅನಿಸಿರಲಿಲ್ಲ.

"ಪಾದ್ರಿಗಳು ಏನೇನೋ ಹೇಳಿದ್ರು, ಅದೊಂದು ಹೇಳ್ಲಿಲ್ಲ," ಅಂದ ಮರ್ಲ್ ಈಗ. "ನಮ್ಮಮ್ಮನ ಗೇಟಿನ ಹತ್ರ ಬಂದಾಗ ಲಾರಿ ಮುಂದಿನ ಹಿಮ ತಳ್ಳೋ ಹಲಗೆ ಎತ್ತಿಬಿಡ್ತಿದ್ದ. ಬೇರೆ ಡ್ರೈವರುಗಳೆಲ್ಲ ಹಿಮ ತಂದು ಬಾಗಿಲಿಗೇ ಗುಡ್ಡೆ ಹಾಕಿ ಹೋಗ್ತಿದ್ರು."

"ಪ್ರತಿ ಮುದುಕಿ ಗೇಟಿಗೂ ಎತ್ತುತಿದ್ದ. ಬೆಳಿಗ್ಗೆ ನಾಲ್ಕಕ್ಕೆ. ನೋಡೋರು ಯಾರು?" ಅಂದ ರೆಜಿಸ್.

ಮೂವತ್ತೈದು ವರ್ಷದಿಂದ ತಿಂಗಳ ಮೊದಲ ಶನಿವಾರ ಇದೇ ಮೇಜು. ಒಬ್ಬೊಬ್ಬನೂ ತನ್ನದೊಂದು ಪಿಸ್ತೂಲು ತರಬೇಕು, ತೆರೆದು ಖಾಲಿ ಎಂದು ತೋರಿಸಿ ಪಕ್ಕದವನಿಗೆ ಕೊಡಬೇಕು. ಪಕ್ಕದವನು ಕಣ್ಣೆದುರೇ ನೋಡಿದ್ದರೂ ಮತ್ತೆ ತಾನೇ ತೆರೆದು ನೋಡಬೇಕು. ಇದರಲ್ಲಿ ಅಪನಂಬಿಕೆ ಏನೂ ಇಲ್ಲ; ನೋಡದೆ ತೆಗೆದುಕೊಂಡರೇ ಅವಮಾನ. ಆಮೇಲೆ ಮಾತು. ಯಾರ ಹಿಡಿಯ ಮರ ಅಸಲಿ, ಯಾರದಕ್ಕೆ ಆಮೇಲೆ ಬಣ್ಣ ಕಟ್ಟಿದೆ, ಯಾವುದರ ನಿಜವಾದ ಬೆಲೆ ಯಾರ ಹೆಂಡತಿಗೆ ಇನ್ನೂ ಗೊತ್ತಿಲ್ಲ ಎಂದು ಸಾಯಂಕಾಲದವರೆಗೂ ಹರಟೆ.

ಒಬ್ಬ ಸತ್ತರೆ, ಮಣ್ಣಿನ ದಿನವೇ ಅವನ ಪಿಸ್ತೂಲುಗಳು ಕೊನೆಯ ಸಲ ಮೇಜು ಸುತ್ತುತ್ತವೆ, ಪ್ರತಿಯೊಂದಕ್ಕೂ ಲಿಯೋ ಕಾರ್ಡು ಬರೆಯುತ್ತಾನೆ. ಮೊದಲ ಸಾಲಿನಲ್ಲಿ ಯಾವುದು, ಎರಡನೆಯದರಲ್ಲಿ ಯಾವಾಗ ಮಾಡಿದ್ದು, ಮೂರನೆಯದರಲ್ಲಿ ಕೈಗೆ ಹೇಗೆ ಬಂತು. ಮೂರನೆಯ ಸಾಲು ಯಜಮಾನ ಹೇಳಿದ ಹಾಗೇ ಇರುತ್ತದೆ. ಅದರ ಕೊನೆಯಲ್ಲಿ ಟಿಕ್ ಬೀಳುವುದು ಮಾತ್ರ ನಂಬರು, ಮುದ್ರೆ, ಪುಸ್ತಕ ಮೂರನ್ನೂ ಲಿಯೋ ತಾಳೆ ನೋಡಿದ ಮೇಲೆ. ಅವನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದವನು. ಅವನ ಟಿಕ್ ಇಲ್ಲದ ಕಾರ್ಡು ಕಂಡರೆ ಸುತ್ತಲಿನ ಮೂರು ಕೌಂಟಿಗಳ ಪಿಸ್ತೂಲು ಸಂತೆಗಳಲ್ಲಿ ಜನ ನಕ್ಕು ಮುಂದೆ ಹೋಗುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಸುಳ್ಳು ಟಿಕ್ ಬಿದ್ದಿರಲಿಲ್ಲ. ಹೆಂಡತಿ ತೀರಿಕೊಂಡು, ಕೆಲಸ ಮುಗಿದು, ಮಂಡಿಯೂ ಕೈಕೊಟ್ಟ ಮೇಲೆ ಲಿಯೋಗೆ ತನ್ನದು ಅಂತ ಉಳಿದದ್ದು ಅದೊಂದೇ.

ಎಮಿಲ್‌ನ ಮಗಳು ಪೌಲಾ ಬಾಗಿಲಲ್ಲಿ ಕಾಣಿಸಿಕೊಂಡಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಲಿಯೋ ಅಂಕಲ್, ಅಜ್ಜನ ಲೂಗರ್ ಪಿಸ್ತೂಲಿನ ಕಾರ್ಡು ಆಯ್ತಾ?"

"ಆಗ್ತಿದೆ ಕಣಮ್ಮ."

"ನಾಳೆ ಮಧ್ಯಾಹ್ನ ಕೌಂಟಿ ವಸ್ತುಸಂಗ್ರಹದೋರು ಗಾಜಿನ ಪೆಟ್ಟಿಗೇಲಿ ಇಡ್ತಾರೆ. ಪಕ್ಕದಲ್ಲಿ ಅಜ್ಜ ಯೂನಿಫಾರ್ಮ್ ಹಾಕ್ಕೊಂಡಿರೋ ಫೋಟೋ. ಅಪ್ಪಂಗೆ ಹೇಳಿದಾಗೆಲ್ಲ ಆಮೇಲೆ ನೋಡೋಣ ಅಂತಿದ್ರು. ಸಂಕೋಚ ಅವರಿಗೆ. ಅಲ್ಲಿಯೋರು ಕೇಳಿದ್ದು ಒಂದೇ, ಲಿಯೋ ಬಾರ್ತಾ ಟಿಕ್ ಇದೆಯಾ ಅಂತ. ಇದ್ರೆ ಬೇರೇನೂ ಬೇಡವಂತೆ."

"ಸರಿ," ಅಂದ ಲಿಯೋ. ಅವಳು ಹೋದ ಮೇಲೆ ಪೆನ್ನನ್ನು ಜೇಬಿಗೇ ಹಾಕಿಕೊಂಡ.

*

ತೊಂಬತ್ತೊಂದರಲ್ಲಿ ಫ್ಲಾಯ್ಡ್ ಕುಂಕಲ್ ಎನ್ನುವವನೊಬ್ಬ ಕೂಟಕ್ಕೆ ಬರುತ್ತಿದ್ದ. ಗರಗಸದ ಮಿಲ್ಲಿನವನು, ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಒಂದು ಶನಿವಾರ ಹಿಟ್ಟಿನ ಚೀಲದಲ್ಲಿ ಸುತ್ತಿಕೊಂಡು ಹಳೆಯ ರಿವಾಲ್ವರ್ ತಂದ. ಮುತ್ತಜ್ಜ ಅಂತರ್ಯುದ್ಧದಲ್ಲಿ ಸೊಂಟಕ್ಕೆ ಕಟ್ಟಿಕೊಂಡಿದ್ದು ಎಂದು ಹೇಳುವಾಗ ಅವನ ದನಿ ಸ್ವಲ್ಪ ಏರಿತ್ತು.

ಲಿಯೋ ಮಗುಚಿ ಹಾಕಿ, ಭೂತಗನ್ನಡಿ ಹಿಡಿದು ನಂಬರು ಓದಿದ.

"ಇದನ್ನ ಮಾಡಿದ್ದು ಯುದ್ಧ ಮುಗಿದು ಎಂಟು ವರ್ಷಕ್ಕೆ. ನಿಮ್ಮ ಮುತ್ತಜ್ಜ ಯುದ್ಧಕ್ಕೆ ಸ್ವಲ್ಪ ತಡವಾಗಿ ಹೋದ್ರೇನೋ!"

ಮೇಜಿನ ಸುತ್ತ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೊದಲು ನಕ್ಕವನು ಲಿಯೋನೇ. ಫ್ಲಾಯ್ಡ್ ರಿವಾಲ್ವರನ್ನು ಚೀಲದಲ್ಲಿ ಸುತ್ತಿ, ಇರುವ ಮೂರು ಬೆರಳಿನಲ್ಲಿ ಗಂಟು ಹಾಕಲು ಬಹಳ ಹೊತ್ತು ಹೆಣಗಾಡಿ, ಕೋಟು ತೊಟ್ಟು ಹೋದ. ಮತ್ತೆ ಬರಲಿಲ್ಲ.

ನಗದೆ ಇದ್ದವನು ಎಮಿಲ್ ಒಬ್ಬನೇ. ಆಮೇಲೆ ಕಾಫಿ ಲೋಟ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಹೇಳಿದ.

"ನಂಬರು ಸರಿಯಾಗೇ ಓದ್ದೆ ಲಿಯೋ. ಮನುಷ್ಯ ಹೋದ."

ನಾಲ್ಕು ವರ್ಷದ ಮೇಲೆ ಫ್ಲಾಯ್ಡ್ ಸತ್ತ. ಲಿಯೋ ಕಪ್ಪು ಸೂಟು ಹಾಕಿಕೊಂಡು ಮಣ್ಣಿಗೆಂದು ಸ್ಮಶಾನದವರೆಗೂ ಕಾರು ಓಡಿಸಿಕೊಂಡು ಹೋಗಿ, ಕಾರಿನಲ್ಲೇ ಅರ್ಧ ಗಂಟೆ ಕೂತು, ಮನೆಗೆ ವಾಪಸು ಬಂದ. ಆ ಮೇಜಿನಲ್ಲಿ ಫ್ಲಾಯ್ಡ್ ಹೆಸರೆತ್ತುವವರೇ ಇರಲಿಲ್ಲ.

*

ಎಮಿಲ್ ಅಪ್ಪನ ಲೂಗರ್‌ನ ಕತೆ ಕೂಟದಲ್ಲಿ ಎಲ್ಲರಿಗೂ ಬಾಯಿಪಾಠ. ನಲವತ್ತೈದರ ಏಪ್ರಿಲ್‌ನಲ್ಲಿ ಸಾರ್ಜೆಂಟ್ ಯೂರೈ ಹ್ರಿಂಕೊ ಜರ್ಮನಿಯ ಒಂದು ಕೊಟ್ಟಿಗೆಯಲ್ಲಿ ಹೆದರಿ ಅಡಗಿದ್ದ ಅಧಿಕಾರಿಯ ಕೈಯಿಂದ ಅದನ್ನು ತೆಗೆದುಕೊಂಡು, ಬದಲಿಗೆ ಅವನಿಗೊಂದು ಸಿಗರೇಟು ಕೊಟ್ಟನಂತೆ. ಕತೆ ಕೇಳಿದ್ದರೇ ಹೊರತು ಪಿಸ್ತೂಲನ್ನು ಯಾರೂ ಕಂಡಿರಲಿಲ್ಲ. ತೊಂಬತ್ತೆಂಟರಲ್ಲಿ ಒಂದು ಶನಿವಾರ ಎಮಿಲ್ ಅದನ್ನು ತಂದ, ತಾನೇ ಮಾಡಿದ ಅಕ್ರೋಟು ಮರದ ಪೆಟ್ಟಿಗೆಯಲ್ಲಿಟ್ಟು.

ಮೇಜು ಸುತ್ತಿ ಕೊನೆಗೆ ಲಿಯೋ ಕೈಗೆ ಬಂತು. ತೆರೆದು ನೋಡಿದ, ಖಾಲಿ. ಮಗುಚಿದ. ಬಲಮಗ್ಗುಲಲ್ಲಿ, ಹಿಡಿಯ ಮೇಲೆ, ಅಕ್ಕಿಕಾಳಿನಷ್ಟು ಒಂದು ಎಕ್ಸ್ ಗುರುತು. ಯುದ್ಧದಲ್ಲಿ ರಷ್ಯನ್ನರ ಕೈಗೆ ಸಿಕ್ಕ ಪಿಸ್ತೂಲುಗಳ ಗುರುತು ಅದು. ಅವು ಐವತ್ತು ವರ್ಷ ಅಲ್ಲಿನ ಉಗ್ರಾಣಗಳಲ್ಲಿ ಬಿದ್ದಿದ್ದು, ಇತ್ತೀಚೆಗಷ್ಟೇ ಹಡಗಿನಲ್ಲಿ ಇಲ್ಲಿನ ಸಂತೆಗಳಿಗೆ ಬರತೊಡಗಿದ್ದವು. ನಲವತ್ತೈದರಲ್ಲಿ ಅಮೆರಿಕದ ಸಾರ್ಜೆಂಟನೊಬ್ಬ ಮನೆಗೆ ತಂದ ಪಿಸ್ತೂಲಿನ ಮೇಲೆ ಆ ಗುರುತು ಇರಲು ಸಾಧ್ಯವೇ ಇಲ್ಲ.

ಲಿಯೋ ತಲೆ ಎತ್ತಿದ. ಊಟ ಬಡಿಸಿ ಮೊದಲ ತುತ್ತಿಗೆ ಕಾಯುವವರ ಹಾಗೆ ಎಮಿಲ್ ಅವನ ಮುಖವನ್ನೇ ನೋಡುತ್ತಿದ್ದ. ಗುರುತಿನ ಅರ್ಥ ಅವನಿಗೆ ಗೊತ್ತಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು.

"ನಲವತ್ತೊಂದರಲ್ಲಿ ಮಾಡಿದ್ದು," ಅಂದ ಲಿಯೋ. "ಒಳ್ಳೇ ಪಿಸ್ತೂಲು."

"ಕಾರ್ಡು?"

"ಆಮೇಲೆ ಬರೀತೀನಿ."

ಮುಂದಿನ ತಿಂಗಳು ಎಮಿಲ್ ಅದನ್ನೇ ಮತ್ತೆ ತಂದ. ಈ ಸಲ ಎಡಮಗ್ಗುಲು ಮೇಲಾಗಿ ಹಿಡಿದು, ಕೆಳಗೆ ಆ ಗುರುತಿಗೆ ಎರಡು ಬೆರಳು ಚಪ್ಪಟೆಯಾಗಿ ಒತ್ತಿ ಕೊಟ್ಟ. ಪೆಟ್ಟಿಗೆಯ ಒಳಗಿನ ಬಟ್ಟೆಯನ್ನೂ ಬದಲಾಯಿಸಿದ್ದ. ಈಗ ಪಿಸ್ತೂಲು ಅದರಲ್ಲಿ ಒಂದೇ ಮಗ್ಗುಲಿಗೆ ಕೂರುತ್ತಿತ್ತು. ಎಲ್ಲಿಂದಲೋ ತಿಳಿದುಕೊಂಡಿದ್ದಾನೆ ಎಂದು ಲಿಯೋಗೆ ಅರ್ಥವಾಯಿತು. ಕೈಗೆ ಬಂದ ಚಮಚವನ್ನೂ ಮಗುಚಿ ನೋಡುವ ಲಿಯೋ, ಅಂದಿನಿಂದ ಆ ಲೂಗರನ್ನು ಮಾತ್ರ ಮಗುಚಲಿಲ್ಲ. ಎಮಿಲ್ ಮತ್ತೆ ಕಾರ್ಡು ಕೇಳಲಿಲ್ಲ. ಹೀಗೇ ಇಪ್ಪತ್ತನಾಲ್ಕು ವರ್ಷ ಕಳೆಯಿತು, ಗುಟ್ಟು ತಮ್ಮಿಬ್ಬರದೇ ಎಂದು ಲಿಯೋ ತಿಳಿದಿದ್ದ.

*

ಈಗ ಕಾಫಿಯ ನೆಪದಲ್ಲಿ ಲಿಯೋ ಠಾಣೆಯ ಅಡುಗೆ ಕೋಣೆಗೆ ಹೋದಾಗ ಎಮಿಲ್‌ನ ಹೆಂಡತಿ ಡೊಲೋರೆಸ್ ಪಾತ್ರೆ ತೊಳೆಯುತ್ತಿದ್ದಳು. ಕೂತುಕೋ ಎಂದು ಬೆಳಿಗ್ಗೆಯಿಂದ ಹತ್ತು ಜನ ಹೇಳಿ ಸೋತಿದ್ದರು.

"ನಿಂಗೆ ಗೊತ್ತು, ಅಲ್ವಾ?" ಅಂದಳು, ತಿರುಗದೆ.

"ಏನು?"

"ನಾಟಕ ಬೇಡ ಲಿಯೋ. ಇವತ್ತು ನಂಗೆ ತ್ರಾಣ ಇಲ್ಲ."

ಅವನು ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟ.

"ಮಾವ ಒಂದು ಪಿಸ್ತೂಲು ತಂದಿದ್ದು ನಿಜ. ಮದುವೆಯಾಗಿ ಬಂದ ಹೊಸದ್ರಲ್ಲಿ ನಾನೇ ನೋಡಿದ್ದೆ. ಅವರನ್ನ ಮಣ್ಣು ಮಾಡಿದ ದಿನ ಅತ್ತೆ ಅದನ್ನ ಏಪ್ರನ್ನಲ್ಲಿ ಸುತ್ತಿಕೊಂಡು ಹೋಗಿ, ರೈಲು ಸೇತುವೆ ಮೇಲಿಂದ ಹೊಳೆಗೆ ಎಸೆದುಬಿಟ್ರು. ಇದು ಮನೆಗೆ ಬಂದಾಗಿಂದ ಈ ಮನುಷ್ಯ ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲ ಅಂದ್ರು. ಎಮಿಲ್ ಎರಡು ಬೇಸಿಗೆ ಅಲ್ಲಿ ಮುಳುಗಿ ಮುಳುಗಿ ಹುಡುಕಿದ."

"ಇದು?"

"ಓಹಾಯೋದಲ್ಲಿ, ಒಂದು ಸಂತೇಲಿ ಕೊಂಡಿದ್ದು. ತಂದು ಊಟದ ಮೇಜಿನ ಮೇಲಿಟ್ಟು, ಅಪ್ಪನದು ಹೀಗೇ ಇತ್ತು, ಹೀಗೇ ಇತ್ತು ಅಂತ ಅತ್ತುಬಿಟ್ಟ. ಅವನು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ."

"ಪೌಲಾಗೆ ಗೊತ್ತಿಲ್ಲ."

"ಇಲ್ಲ. ನೀನು ಬರೆಯೋದನ್ನ ಬರಿ. ಲಿಯೋ ಕೈಲಿ ಸುಳ್ಳು ಬರೆಸಬೇಡ, ಅವನಿಗಿರೋದು ಅದೊಂದೇ ಅಂತ ಎಮಿಲ್ ಆಸ್ಪತ್ರೇಲಿ ಹೇಳಿದ್ದ. ಅದಕ್ಕೇ ನಾನು ಏನೂ ಕೇಳ್ತಿಲ್ಲ." ಕೈ ಒರೆಸಿಕೊಂಡು ಒಂದು ತಟ್ಟೆ ಮುಂದಿಟ್ಟಳು. "ತಗೋ, ತಿನ್ನು. ಬಡಕಲಾಗಿದ್ದೀಯ."

ಲಿಯೋ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಹಿಂದಿನ ಕೋಣೆಗೆ ಬಂದ.

ಪೌಲಾ ಬಂದು ಅಪ್ಪನ ಕುರ್ಚಿಯಲ್ಲಿ ಕೂತಿದ್ದಳು. ಐದು ಪಿಸ್ತೂಲು ಸುತ್ತು ಮುಗಿಸಿ ಪಕ್ಕಕ್ಕೆ ಹೋಗಿದ್ದವು. ರೆಜಿಸ್ ಪೆಟ್ಟಿಗೆ ತೆರೆದು ಲೂಗರನ್ನು ಎತ್ತಿಕೊಂಡ. ಮೇಲಿನ ಕೀಲನ್ನು ಎಳೆದು, ಖಾಲಿ ಎಂದು ತೋರಿಸಿ ಚೆಟ್‌ಗೆ ಕೊಟ್ಟ. ಎಡಮಗ್ಗುಲು ಮೇಲಾಗಿ. ಕೆಳಗೆ ಎರಡು ಬೆರಳು, ಚಪ್ಪಟೆಯಾಗಿ.

ಲಿಯೋ ಆ ಬೆರಳುಗಳನ್ನೇ ನೋಡಿದ.

ಚೆಟ್ ತೆರೆದು ನೋಡಿ ಮರ್ಲ್‌ಗೆ ಕೊಟ್ಟ. ಎರಡು ಬೆರಳು, ಅದೇ ಜಾಗ. ಮರ್ಲ್‌ಗೆ ಕೈ ನಡುಗುವ ಕಾಯಿಲೆ; ಒಂದು ಕೈಯಲ್ಲಿ ಆಗದೆ, ಇನ್ನೊಂದು ಕೈಯನ್ನೇ ತಂದು ಆ ಜಾಗದ ಅಡಿಗೆ ಒತ್ತಿ ಹಿಡಿದ.

ಅಂದರೆ ಮೊದಲ ದಿನವೇ ಎಲ್ಲರೂ ಆ ಗುರುತು ನೋಡಿದ್ದಾರೆ. ಎಲ್ಲರಿಗೂ ಇಷ್ಟು ವರ್ಷ ಗೊತ್ತಿತ್ತು, ಎಲ್ಲರೂ ಮುಚ್ಚಿಟ್ಟಿದ್ದಾರೆ. ಯಾರಿಂದ? ಈ ಮೇಜಿನಲ್ಲಿ ಯಾರಿಂದಲಾದರೂ ಮುಚ್ಚಿಡಬೇಕಿದ್ದರೆ ಅದು ಲಿಯೋ ಒಬ್ಬನಿಂದಲೇ. ಫ್ಲಾಯ್ಡ್ ಕುಂಕಲ್‌ಗೆ ಆದದ್ದು ಎಮಿಲ್‌ಗೆ ಆಗದಿರಲಿ ಎಂದು ಈ ಮುದುಕರು ಇಪ್ಪತ್ತನಾಲ್ಕು ವರ್ಷ ಅವನೆದುರು ಬೆರಳು ಅಡ್ಡವಿಟ್ಟುಕೊಂಡು ಕೂತಿದ್ದರು.

ಅವನು ಪೆನ್ನು ತೆಗೆದ. ಲೂಗರ್ ಎಂದು ಬರೆದ. 1941 ಎಂದು ಬರೆದ. ಮೂರನೆಯ ಸಾಲು: 'ಏಪ್ರಿಲ್ 1945, ಜರ್ಮನಿ. ಸಾರ್ಜೆಂಟ್ ಯೂರೈ ಹ್ರಿಂಕೊ ಮನೆಗೆ ತಂದದ್ದು.' ಅಲ್ಲಿಗೆ ಪೆನ್ನು ನಿಂತಿತು. ಯಾರೂ ಅವನ ಕಡೆ ನೋಡಲಿಲ್ಲ, ಆದರೆ ರೆಜಿಸ್ ಅಗಿಯುವುದನ್ನು ನಿಲ್ಲಿಸಿದ್ದ. ಮುಂದಿನ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು.

ಲಿಯೋ ಟಿಕ್ ಹಾಕಿದ. ಯಾವತ್ತಿನಷ್ಟೇ ದೊಡ್ಡದು, ಯಾವತ್ತಿನ ಹಾಗೇ ಬಾಲ ಸ್ವಲ್ಪ ಮೇಲಕ್ಕೆ.

"ಶಾಯಿ ಇತ್ತಲ್ಲಯ್ಯ ಮತ್ತೆ," ಅಂದ ರೆಜಿಸ್. ಅವನು ಮತ್ತೆ ಅಗಿಯತೊಡಗಿದ.

ಮರ್ಲ್ ಕೈಯಿಂದ ಪಿಸ್ತೂಲು ಪೌಲಾಗೆ ಬಂದಿತ್ತು. ಅವಳು ಪದ್ಧತಿಯಂತೆ ತೆರೆದು, ಬಗ್ಗಿ ನೋಡಿ, ಲಿಯೋ ಕಡೆ ಚಾಚಿದಳು. ಎಡಮಗ್ಗುಲು ಮೇಲಾಗಿ. ಕೆಳಗೆ ಎರಡು ಬೆರಳು.

"ಹೀಗೆ ಹಿಡಿಯೋದು ಯಾರು ಕಲಿಸಿದ್ದು ನಿಂಗೆ?"

"ಅಪ್ಪ. ಚಿಕ್ಕೋಳಿದ್ದಾಗಿಂದ ಗೊತ್ತಲ್ಲ ಅವರು ಕೊಡೋ ರೀತಿ. ಅಜ್ಜನದನ್ನ ಯಾರಿಗೇ ಕೊಟ್ರೂ ಹೀಗೇ ಕೊಡಬೇಕು ಅಂತಿದ್ರು." ಅವಳು ಗಾಬರಿಯಿಂದ ತನ್ನ ಕೈ ನೋಡಿಕೊಂಡಳು. "ಯಾಕೆ ಅಂಕಲ್, ತಪ್ಪಾ?"

"ಇಲ್ಲಮ್ಮ. ಸರಿಯಾಗೇ ಇದೆ."

ಲಿಯೋ ಕೈ ಚಾಚಿ, ಅವಳ ಬೆರಳು ಇನ್ನೂ ಅಲ್ಲಿರುವಾಗಲೇ ತನ್ನೆರಡು ಬೆರಳನ್ನು ಅವುಗಳ ಪಕ್ಕಕ್ಕೆ ಸರಿಸಿದ. ಅವಳ ಬೆರಳು ಬಿಟ್ಟ ಜಾಗವನ್ನು ಅವನದು ಮುಚ್ಚಿಕೊಂಡ ಮೇಲೆ ಪಿಸ್ತೂಲನ್ನು ತೆಗೆದುಕೊಂಡ.