ಉಯಿಲಿನ ಮೂಲೆಯ ಕಲೆ

ದೊಡ್ಡ ಯಜಮಾನರು ಸಾಯುವುದಕ್ಕೆ ಕಾಸೂ ಖರ್ಚಾಗಲಿಲ್ಲ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ, ಅಷ್ಟೆ. ಖರ್ಚು ಶುರುವಾದದ್ದು ಆಮೇಲೆ. ಸತ್ತಿದ್ದಾರೆ ಎಂಬ ಸರ್ಟಿಫಿಕೇಟಿಗೆ ಇನ್ನೂರು. ಅವರು ಬರೆದಿಟ್ಟ ಉಯಿಲು ಅವರದೇ ಎಂದು ಕೋರ್ಟು ಒಪ್ಪಿ ಮೊಹರು ಒತ್ತಬೇಕು, ಅದಕ್ಕೆ ಪ್ರೊಬೇಟ್ ಅನ್ನುತ್ತಾರಂತೆ. ಅದರ ಶುಲ್ಕ ಮೂರು ಲಕ್ಷ. ತಕರಾರಿದ್ದವರು ಬಂದು ಹೇಳಿ ಎಂದು ಪತ್ರಿಕೆಯಲ್ಲಿ ಹಾಕಿಸಲು ನಾಲ್ಕು ಸಾವಿರ. ವಕೀಲರಿಗೆ ಎಷ್ಟು ಎಂಬುದು ವಕೀಲರಿಗೇ ಗೊತ್ತಿದ್ದಂತಿಲ್ಲ; ಬಂದಾಗೆಲ್ಲ ಒಂದು ಲಕೋಟೆ. ಸಾಕ್ಷಿಗೆ, ಅಂದರೆ ನನಗೆ, ಹೋಗಿ ಬರುವ ಬಸ್ ಚಾರ್ಜು ಮೂವತ್ತು.

"ಮೂವತ್ತು ಯಾಕೋ? ಹದಿನೈದು ಸಾಕು. ಬರ್ತಾ ನಡ್ಕೊಂಡು ಬಾರೋ, ಮಣ್ಣುಕಾಲ," ಅಂದ ಮಗರಾಯ.

ಮಗರಾಯ ಎಂದರೆ ಯಜಮಾನರ ಮಗ. ಹೆಸರು ಬೇರೆ ಇದೆ. ನಾನೂ ಅಡುಗೆಯಕ್ಕನೂ ಹಿಂದಿನಿಂದ ಕರೆಯುವುದು ಹೀಗೆ. ನನಗೆ ಮಣ್ಣುಕಾಲ ಎಂದು ಹೆಸರಿಟ್ಟದ್ದು ಅವನ ಹೆಂಡತಿ, ಸೊಸೆಯಮ್ಮ. ತೋಟದ ಕೆಲಸ, ಚರಂಡಿ ಕೆಲಸ ಎರಡೂ ನನ್ನವೇ. ಇಪ್ಪತ್ತೆರಡು ವರ್ಷ ಆ ಮನೆಯ ಕೊಳೆ ಹೊರಗೆ ಸಾಗಿಸಿದ್ದೇನೆ. ಹಿತ್ತಿಲ ಬಾಗಿಲಿನ ಮೂರನೇ ಮೆಟ್ಟಿಲು ನನ್ನ ಗಡಿ. ಕೂಲಿ, ಉಳಿದ ಅನ್ನ, ಬೈಗುಳ ಎಲ್ಲ ಅಲ್ಲಿಗೇ ಬರುತ್ತಿದ್ದವು.

ಉಯಿಲೂ ಅಲ್ಲಿಗೇ ಬಂತು.

ಯಜಮಾನರು ಬದುಕಿದ್ದಾಗಿನ ಮಾತು. ಆ ದಿನ ಬಚ್ಚಲ ಮೋರಿ ಕಟ್ಟಿತ್ತು. ಮೊಣಕೈವರೆಗೆ ಕೈ ಇಳಿಸಿ ಕೂದಲ ಉಂಡೆ ಎಳೆಯುತ್ತಿದ್ದೆ. ಮಗರಾಯ ರಟ್ಟಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ಬಂದ.

"ಲೇ, ಇಲ್ಲೊಂದು ಸಹಿ ಹಾಕು."

"ಏನ್ ಸ್ವಾಮಿ ಅದು?"

"ಓದಿ ಜಡ್ಜ್ ಆಗ್ತೀಯಾ? ಹಾಕೋ, ಬೋಳಿಮಗನೆ."

ಕೈಯನ್ನು ಚಡ್ಡಿಗೆ ಒರೆಸಿ ಸಹಿ ಹಾಕಿದೆ. ಮೂಲೆಗೆ ಬೆರಳಷ್ಟು ಕಪ್ಪು ಕಲೆಯಾಯಿತು. ಅದಕ್ಕೂ ಬೈದ.

ಯಜಮಾನರು ತೀರಿಕೊಂಡ ಮೇಲೆ ತಿಳಿಯಿತು, ಅದು ಉಯಿಲು, ಆಸ್ತಿಯೆಲ್ಲ ಮಗನಿಗೆ, ಮಗಳಿಗೆ ಬಿಡಿಗಾಸಿಲ್ಲ ಎಂದು. ಮಗಳು ಪತ್ರಿಕೆ ನೋಡಿ ಬಂದು ತಕರಾರು ಹಾಕಿದಳು. ಇನ್ನು ಸಾಕ್ಷಿಗಳು ಬೇಕು. ಬರೆದವರು ಸಹಿ ಹಾಕುವುದನ್ನು ಇಬ್ಬರು ಕಣ್ಣಾರೆ ಕಂಡಿರಬೇಕಂತೆ. ಒಬ್ಬಳು ಅಡುಗೆಯಕ್ಕ. ಅವಳು ಕಾಫಿ ಕೊಡಲು ಕೋಣೆಗೆ ಹೋದವಳು ನಿಜವಾಗಿಯೂ ಕಂಡಿದ್ದಳು. ಇನ್ನೊಬ್ಬ ನಾನು. ನಾನು ಕಂಡದ್ದು ಮೋರಿ.

"ಯಜಮಾನರ ಕೋಣೇಲಿ, ಮಂಚದ ಹತ್ರ ನಿಂತಿದ್ದೆ, ಅವರು ಸಹಿ ಹಾಕಿದ್ದು ನೋಡ್ದೆ. ಇಷ್ಟೇ ಹೇಳು," ಅಂದರು ವಕೀಲರು. "ಪ್ರೊಬೇಟ್ ಸಿಕ್ಕಿದ ದಿನ ನೀನಿರೋ ಹಿತ್ತಿಲ ಕೋಣೆ ನಿನ್ನ ಹೆಸರಿಗೆ. ಇಲ್ಲಾಂದ್ರೆ ಅವತ್ತೇ ಖಾಲಿ ಮಾಡು."

ನನ್ನ ಹೆಂಡತಿ ರಾತ್ರಿಯಿಡೀ ಯೋಚಿಸುವ ಪೈಕಿ ಅಲ್ಲ. ಪಾತ್ರೆ ತಿಕ್ಕುತ್ತಲೇ ತೀರ್ಪು ಕೊಟ್ಟಳು. "ಹೇಳಿಬಿಡಿ. ಸುಳ್ಳಿಗೆ ನಾಲಿಗೆ ಉದುರಲ್ಲ. ಸೂರು ಹೋದ್ರೆ ಈ ವಯಸ್ಸಲ್ಲಿ ಎಲ್ಲಿ ಹುಡುಕೋಣ?"

ನನಗೂ ಸರಿ ಅನ್ನಿಸಿತು. ಹೇಳಲು ಒಪ್ಪಿದೆ.

ವಕೀಲರು ಮನೆಗೆ ಬಂದು ತಲೆ ಕೆರೆದುಕೊಂಡರು. "ಆ ಕಡೆ ವಕೀಲ ಬುದ್ಧಿವಂತ. ಕೋಣೇಲಿ ಏನೇನಿತ್ತು ಅಂತ ಕೇಳ್ತಾನೆ. ಇವನನ್ನ ಒಂದ್ಸಲ ಒಳಗೆ ಕರ್ಕೊಂಡು ಹೋಗಿ ತೋರಿಸಿ."

ಸೊಸೆಯಮ್ಮ ಬಾಗಿಲಿಗೆ ಅಡ್ಡ ನಿಂತಳು. "ಒಳಗಾ? ಇವನಾ? ನೆಲಹಾಸು ಮೊನ್ನೆ ತೊಳೆಸಿದೀನಿ."

"ಎರಡು ನಿಮಿಷ, ತಾಯಿ."

"ಎರಡು ನಿಮಿಷ ಸಾಕು ನಾತ ಹಿಡಿಯೋಕೆ."

ಕೊನೆಗೆ ಮಗರಾಯನೇ ಉಪಾಯ ಹುಡುಕಿದ. ಕೋಣೆಗೆ ಹೋಗಿ ಮೊಬೈಲಿನಲ್ಲಿ ಆರು ಫೋಟೋ ಹೊಡೆದುಕೊಂಡು ಬಂದ. ಮೂರನೇ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, ಮೊಬೈಲು ಮುಟ್ಟಲು ಬಿಡದೆ, ದೂರದಿಂದ ಹಿಡಿದು ತೋರಿಸಿದ. ಮೂರು ದಿನ ಪಾಠ. ಮಂಚ, ಕಂದು ಪರದೆ, ಹತ್ತೂ ಹತ್ತು ತೋರಿಸುವ ಗಡಿಯಾರ, ಕಪಾಟಿನ ಮೇಲೆ ಹಿತ್ತಾಳೆ ಆನೆ. ತಪ್ಪಿದರೆ "ಕತ್ತೆ" ಎಂದು ಮೊದಲಿಂದ ಶುರು.

ಕೋರ್ಟಿನ ಮೊಗಸಾಲೆಯಲ್ಲಿ ಒಂದೇ ಬೆಂಚು. ತುದಿಯಲ್ಲಿ ಕೂತೆ. ಒಗೆದ ಅಂಗಿ, ತೊಳೆದ ಕಾಲು. ಸೊಸೆಯಮ್ಮ ಬಂದವಳು ಬ್ಯಾಗನ್ನು ನಮ್ಮಿಬ್ಬರ ನಡುವೆ ಇಟ್ಟಳು, ಆಮೇಲೆ ಬ್ಯಾಗಿನ ಮೇಲೂ ಕನಿಕರ ಬಂದು ಎತ್ತಿಕೊಂಡಳು.

"ಏಳೋ, ಗೋಡೆಗೆ ನಿಂತ್ಕೊ."

ಎದ್ದೆ. ನನ್ನ ಹೆಸರು ಕೂಗಿದರು.

ಸಾಕ್ಷಿಕಟ್ಟೆ ನೆಲಕ್ಕಿಂತ ಒಂದು ಮೆಟ್ಟಿಲು ಎತ್ತರ. ಹತ್ತಿ ನಿಂತಾಗ ಮಗರಾಯನ ಬೋಳುತಲೆ ಕಂಡಿತು. ಇಪ್ಪತ್ತೆರಡು ವರ್ಷ ಅವನು ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗೆ. ನಡುನೆತ್ತಿ ಇಷ್ಟು ಸವೆದಿರುವುದು ಗೊತ್ತೇ ಇರಲಿಲ್ಲ.

ಮಗಳ ಕಡೆ ವಕೀಲ ಕೇಳಿದ, "ಕೋಣೇಲಿ ಏನೇನಿತ್ತು?"

ಗಿಳಿಪಾಠ ಒಪ್ಪಿಸಿದೆ. ಮಂಚ, ಪರದೆ, ಗಡಿಯಾರ, ಆನೆ. ನಮ್ಮ ವಕೀಲರು ಹೆಮ್ಮೆಯಿಂದ ಕನ್ನಡಕ ಒರೆಸಿಕೊಂಡರು.

"ಗಡಿಯಾರ ಎಷ್ಟು ತೋರಿಸ್ತಿತ್ತು?"

"ಹತ್ತೂ ಹತ್ತು."

"ಉಯಿಲು ಬರೆದಿದ್ದು ಸಂಜೆ ನಾಲ್ಕಕ್ಕೆ ಅಂತ ಅರ್ಜೀಲಿದೆಯಲ್ಲ?"

ಮಗರಾಯನ ಮುಖ ನೋಡಿದೆ. ತುಟಿಯಲ್ಲೇ "ಕತ್ತೆ" ಅಂದ. ಗಡಿಯಾರ ಕೆಟ್ಟಿತ್ತು ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಬುದ್ಧಿ ನನಗಿದೆ. ಅಷ್ಟರಲ್ಲಿ ಜಡ್ಜಮ್ಮ ಉಯಿಲನ್ನು ಬೆಳಕಿಗೆ ಹಿಡಿದರು.

"ಈ ಮೂಲೇಲಿ ಕಲೆ ಏನು?"

"ಕಾಫಿ ಕಲೆ, ತಾಯಿ," ಅಂದರು ನಮ್ಮ ವಕೀಲರು.

"ಕಾಫಿ ಅಲ್ಲಮ್ಮ," ಅಂದೆ. "ಮೋರಿ. ಅದರ ಪಕ್ಕ ಇರೋದು ನನ್ನ ಸಹಿ. ಮೋರೀಲಿ ಕೈ ಇಟ್ಕೊಂಡಿದ್ದೆ, ಹಿತ್ತಿಲಿಗೆ ತಂದು ಹಾಕಿಸ್ಕೊಂಡ್ರು. ಯಜಮಾನ್ರು ಸಹಿ ಹಾಕಿದ್ದು ನಾನು ಕಾಣ್ಲಿಲ್ಲ."

"ಮತ್ತೆ ಕೋಣೆ ಹೇಗೆ ಗೊತ್ತು?"

"ಮೊಬೈಲಲ್ಲಿ ತೋರಿಸಿದ್ರು. ಫೋಟೋ ತೆಗೆದಾಗ ಹತ್ತೂ ಹತ್ತಾಗಿತ್ತು. ಒಳಗೆ ಬಿಟ್ಟಿದ್ರೆ ಸರಿಯಾಗಿ ಹೇಳ್ತಿದ್ದೆ ಅಮ್ಮ, ಇವರು ಬಿಡಲ್ಲ. ಇಪ್ಪತ್ತೆರಡು ವರ್ಷದಿಂದ ಬಿಟ್ಟಿಲ್ಲ. ಬೇಕಾದ್ರೆ ಅವರನ್ನೇ ಕೇಳಿ."

"ಸೂಳೇಮಗನೇ!" ಎಂದು ಮಗರಾಯ ಎದ್ದ. ಕೂತ್ಕೊಳ್ರೀ ಎಂದು ಜಡ್ಜಮ್ಮ ಗದರಿದರು. ಅವನಿಗೆ ಯಾರಾದರೂ ಹಾಗೆ ಹೇಳಿದ್ದನ್ನು ಅವತ್ತೇ ಮೊದಲು ಕೇಳಿದ್ದು.

ಇಬ್ಬರಲ್ಲಿ ಒಬ್ಬ ಸಾಕ್ಷಿ ಬಿದ್ದರೆ ಉಯಿಲು ಬರೀ ಕಾಗದ. ಪ್ರೊಬೇಟ್ ಸಿಗಲಿಲ್ಲ. ಆಸ್ತಿ ಮಗನಿಗೂ ಮಗಳಿಗೂ ಸಮಪಾಲು ಎಂದಾಯಿತು. ಯಾರಿಗೆ ಯಾವುದು ಎಂದು ಇಬ್ಬರೂ ಕಚ್ಚಾಡತೊಡಗಿದ್ದರಿಂದ, ಅದು ತೀರುವವರೆಗೆ ಮನೆಗೆ ಬೀಗ ಹಾಕಲು ಕೋರ್ಟು ಅಮೀನನನ್ನು ಕಳಿಸಿತು.

ಅಮೀನ ಬಂದಾಗ ನಾನು ಹಿತ್ತಿಲಲ್ಲಿ ಪಾತ್ರೆ ಗಂಟು ಕಟ್ಟುತ್ತಿದ್ದೆ. ಹೆಂಡತಿ ಎರಡು ದಿನದಿಂದ ಮಾತಾಡಿರಲಿಲ್ಲ. ಸಾಮಾನು ಪಟ್ಟಿ ಮಾಡುವಾಗ ಹೊರಗಿನವನೊಬ್ಬ ಸಾಕ್ಷಿ ಬೇಕಂತೆ. ಮಗನ ಕಡೆಯವನನ್ನು ಮಗಳು ಒಪ್ಪಲಿಲ್ಲ, ಮಗಳ ಕಡೆಯವನನ್ನು ಮಗ ಒಪ್ಪಲಿಲ್ಲ.

"ಏ, ನೀನು ಬಾರಪ್ಪ," ಅಂದ ಅಮೀನ. "ಸಹಿ ಬರುತ್ತಾ?"

"ಬರುತ್ತೆ ಸ್ವಾಮಿ. ಈ ಸಲ ನೋಡಿ ಆಮೇಲೆ ಹಾಕ್ತೀನಿ."

ಮುಂಬಾಗಿಲಿಂದ ಹೋದೆ. ಕಾಲು ತೊಳೆಯಲಿಲ್ಲ. "ನೆಲಹಾಸು..." ಎಂದು ಶುರು ಮಾಡಿದ ಸೊಸೆಯಮ್ಮನನ್ನು ಅಮೀನ ತಡೆದ. "ಅಮ್ಮ, ಅದೀಗ ಕೋರ್ಟಿಂದು."

ಕೋಣೆ ಫೋಟೋಗಿಂತ ಚಿಕ್ಕದು. ಮಂಚ, ಪರದೆ, ಆನೆ, ಎಲ್ಲ ಇದ್ದವು. ಫೋಟೋದಲ್ಲಿ ಬಾರದ್ದು ಒಂದೇ, ಮಂಚದ ಕೆಳಗೆ ಯಜಮಾನರ ಉಚ್ಚೆ ಬಾಟಲಿ.

"ಇದನ್ನೂ ಬರ್ಕೊಳ್ಳಿ ಸ್ವಾಮಿ," ಅಂದೆ. "ಪಿತ್ರಾರ್ಜಿತ. ಪಾಲು ಹಾಕ್ಬೇಕಲ್ಲ."

ಅಮೀನ ನಗು ತಡೆದುಕೊಂಡು ಬರೆದುಕೊಂಡ. ನೂರಾ ಹನ್ನೆರಡನೇ ಸಾಮಾನು. ಕೊನೆಯ ಚಮಚ ಎಣಿಸುವವರೆಗೆ ಕಾದು ಸಹಿ ಹಾಕಿದೆ. ಎಲ್ಲರೂ ಹೊರಗೆ ಬಂದೆವು. ಬೀಗ ಬಿತ್ತು, ಅರಗು ಬಿತ್ತು. ಮಗರಾಯ ಮೆಟ್ಟಿಲ ಕೆಳಗೆ ಸೂಟ್‌ಕೇಸ್ ಹಿಡಿದು ನಿಂತಿದ್ದ, ನಾನು ಗಂಟು ಹೊತ್ತು ನಿಂತಿದ್ದೆ.

ಬಸ್ ಸ್ಟಾಪಿನಲ್ಲಿ ಹೆಂಡತಿ ಮೊದಲ ಸಲ ಬಾಯಿಬಿಟ್ಟಳು. "ಆ ಬಾಟಲಿ ನಿಜವಾಗ್ಲೂ ಬರೆಸಿದ್ರಾ?"

"ಬರೆಸ್ದೆ."

ನಕ್ಕಳು. ಆಮೇಲೆ ಅತ್ತಳು.

ಹೋದದ್ದು: ಕೆಲಸ, ಒಂದು ಕೋಣೆ, ನಾನು ನೆಟ್ಟ ನಿಂಬೆ ಗಿಡ. ಸಿಕ್ಕಿದ್ದು: ಬಾಕಿ ಹದಿನೈದು. ಬಸ್ ಚಾರ್ಜಿನ ಲೆಕ್ಕ ಎಂದು ಕೋರ್ಟೇ ಮಗರಾಯನಿಂದ ಕೊಡಿಸಿತು.