ಎರಡು ಚಮಚ ಪುಡಿ

ಪುಡಿ ಎರಡು ವಾರ ಬಿಟ್ಟರೆ ಸಾಕಲ್ಲವೇ? ಅಥವಾ ಮೂರು ಬೇಕೋ? ಅಷ್ಟರಲ್ಲಿ ರಕ್ತದ ಅಂಕಿ ತಾನಾಗಿ ಇಳಿಯುತ್ತದೆ. ಇಳಿದುಬಿಟ್ಟರೆ? ಅಣ್ಣನ ಮನೆಯಲ್ಲಿ ಬತ್ಚೊಯ್ ಎಂಬ ಶಾವಿಗೆ ಸಾರಿನ ಬಟ್ಟಲಿನ ಮುಂದೆ ಕೂತ ಡಿಂಡೊ ಚಮಚದಲ್ಲಿ ಅದನ್ನು ಕಲಕುತ್ತಲೇ ಇದ್ದ.

ಇಲೊಇಲೊ ಪೇಟೆಯ ಜಿಮ್ಮಿನಲ್ಲಿ ಒಂಬತ್ತು ವರ್ಷದಿಂದ ಅವನೇ ತರಬೇತುದಾರ. ಮೈಕಟ್ಟು ಬೆಳೆಸಲು ಕುಡಿಯುವ ಕ್ರಿಯಾಟಿನ್ ಪುಡಿಗೆ ಹೆದರುವವರಿಗೆಲ್ಲ ಅವನದು ಒಂದೇ ಮಾತು: "ನೀರು ಚೆನ್ನಾಗಿ ಕುಡೀರಿ. ತೂಕ ಒಂದೆರಡು ಕಿಲೋ ಏರುತ್ತೆ, ಕೆಲವರಿಗೆ ಹೊಟ್ಟೆ ಕೆಡುತ್ತೆ. ರಕ್ತದಲ್ಲಿ ಕಿಡ್ನಿ ಅಂಕಿ ಸ್ವಲ್ಪ ಜಾಸ್ತಿ ಬರಬಹುದು, ಅದು ಕಿಡ್ನಿ ಕೆಟ್ಟಿದ್ದಕ್ಕಲ್ಲ. ಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಹೇಳ್ಬಿಡಿ."

ತಾನೇ ಹೇಳಿರಲಿಲ್ಲ. ಅಣ್ಣ ಎರ್ನಿಗೆ ಕಿಡ್ನಿ ಕೊಡಲು ಹೋದ ದಿನ "ಏನಾದ್ರೂ ಔಷಧಿ ತಗೋತೀರಾ?" ಎಂದು ಡಾಕ್ಟರು ಕೇಳಿದ್ದರು. ಇಲ್ಲ ಎಂದಿದ್ದ. ಪುಡಿ ಔಷಧಿಯೇ? ಆಗ ನಿಜಕ್ಕೂ ಹೊಳೆದಿರಲಿಲ್ಲ. ಅಂಕಿ ಏರಿತ್ತು. "ನಿಮ್ಮದು ತೆಗೆಯೋ ಹಾಗಿಲ್ಲ" ಎಂದಾಗಲೇ ಪುಡಿಯ ನೆನಪಾಯಿತು. ಬಾಯಿ ತೆರೆಯಬೇಕಿತ್ತು. ಅದಕ್ಕೂ ಮೊದಲೇ, ಕೊಡುವುದು ತಪ್ಪಿತೆಂದು ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಅತ್ತಿಗೆ ಮಿರ್ನಾ ಸಾರಿನಲ್ಲಿದ್ದ ಹಂದಿಯ ಕಿಡ್ನಿ ಚೂರುಗಳನ್ನೆಲ್ಲ ಹೆಕ್ಕಿ ಅವನ ಬಟ್ಟಲಿಗೆ ಹಾಕಿದಳು. "ತಿನ್ನು. ಇಲ್ಲದ್ದನ್ನ ತಿಂದೇ ತುಂಬ್ಕೋಬೇಕು ಅಂತಿದ್ಲು ನಮ್ಮಜ್ಜಿ."

ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡುವ ಎರ್ನಿ ನಕ್ಕ. "ಬಡ್ಕೊಂಡೆ ಕಣೋ, ಆ ಸುಣ್ಣದ ಪುಡಿ ಬೇಡ ಅಂತ. ಈಗ ನೋಡು, ತೋಳು ಕೋಣನ ತೊಡೆ, ಒಳಗೆಲ್ಲ ಟೊಳ್ಳು!"

"ಹೌದು ಮನೊಂಗ್. ಪುಡಿಯಿಂದ್ಲೇ ಕೆಟ್ಟಿದ್ದು" ಎಂದ ಡಿಂಡೊ ಅಣ್ಣನಿಗೆ.

ಮರುದಿನ ಜಿಮ್ಮಿಗೂ ಸುದ್ದಿ ಮುಟ್ಟಿತ್ತು. "ಕೋಚ್, ಪುಡಿ ನಿಮ್ಮ ಕಿಡ್ನೀನೇ ನುಂಗ್ತಂತೆ? ನಮಗೆ ಮಾತ್ರ ಏನೂ ಆಗಲ್ಲ ಅಂತಿದ್ರಿ!"

"ಗೊತ್ತಿರ್ಲಿಲ್ಲ ಮಾರಾಯ. ಬಿಟ್ಬಿಡಿ ಎಲ್ರೂ."

ಒಂಬತ್ತು ವರ್ಷದ ಮಾತನ್ನು ಹೀಗೆ ಉಗುಳಿ, ಒಳಕೋಣೆಯ ಬಾಗಿಲು ಹಾಕಿಕೊಂಡು, ಎಂದಿನಂತೆ ಎರಡು ಚಮಚ ಕದಡಿ ಕುಡಿದ. ಬಿಟ್ಟರೆ ಅಂಕಿ ಇಳಿಯುತ್ತಿತ್ತು. ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸು ಎಂದು ಯಾರಾದರೂ ಕೇಳಿದರೆ?

ಯಾರೂ ಕೇಳಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಎರ್ನಿಯ ಮುಖ ಬಾತು ಕಣ್ಣುಗಳು ಮುಚ್ಚಿಹೋಗಿದ್ದವು. ತಡವರಿಸಿ ತಮ್ಮನ ಕೈ ಹಿಡಿದ. "ಡಾಕ್ಟರ ಹತ್ರ ಹೋಗ್ತಾ ಇರೋ. ನನ್ನ ಹಾಗೆ ಆಗ್ಬೇಡ."

ಡಿಂಡೊ ತಲೆಯಾಡಿಸಿದ. ನನ್ನ ಕಿಡ್ನಿಗೆ ಏನೂ ಆಗಿಲ್ಲ ಎಂದು ಅವನು ಅಣ್ಣನಿಗೆ ಕೊನೆಗೂ ಹೇಳಲಿಲ್ಲ.